ಬಚ್ಚಲುಮನೆ ಲೆಕ್ಕ: ಕೊಡಗಿನ ಮನೆಗಳಲ್ಲಿ ಕರೆಂಟ್ ಎಲ್ಲಿ ಹೋಗ್ತಿದೆ, ಉಳಿಸಿ ಅಂದ್ರೆ ಯಾರು ಕೇಳ್ತಾರೆ?

ಸಮೀಕ್ಷೆ ಮೇಷ್ಟ್ರು
ಸೋಮವಾರ ರಾತ್ರಿ 8:40

ವಿರಾಜಪೇಟೆ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡ್ತೀನಿ. ಈ ವರ್ಷ ಎನ್‌ಎಸ್‌ಎಸ್ ಮಕ್ಕಳ ಜೊತೆ ಸೇರಿ ಮನೆಬಳಕೆಯ ವಿದ್ಯುತ್ ಉಳಿತಾಯದ ಮೇಲೆ ಒಂದು ಸಮೀಕ್ಷೆ ಮಾಡೋದು, ಆಮೇಲೆ ಊರಿನವರಿಗೆ ಸ್ವಲ್ಪ ತಿಳಿಹೇಳೋದು ಅಂತ ಯೋಜನೆ. 32 ಪ್ರಶ್ನೆಗಳ ಫಾರಂ ಸಿದ್ಧ ಮಾಡಿದ್ದೆ. ನಿನ್ನೆ ಪರೀಕ್ಷೆಗೆ ಅಂತ ಹತ್ತಿರದ ಒಂದು ಊರಿಗೆ ಹೋಗಿದ್ದೆವು.

ಹೋದ ಮನೆಗಳಲ್ಲೆಲ್ಲ ಒಂದೇ ಉತ್ತರ: "ಬೇಡದಿದ್ದಾಗ ಲೈಟು ಆರಿಸ್ತೀವಿ ಸಾರ್." ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು, ಅವರೂ ಇದನ್ನೇ ಹೇಳಿದರು. ಹುಡುಗಿ ಫಾರಂನಲ್ಲಿ ಟಿಕ್ ಹಾಕಿಕೊಂಡಳು. ಲೋಟ ತೊಳೆದಿಡೋಣ ಅಂತ ನಾನು ಹಿಂದಕ್ಕೆ ಹೋದರೆ ಬಚ್ಚಲಲ್ಲಿ ಗೀಸರಿನ ಕೆಂಪು ದೀಪ ಉರೀತಿದೆ. ಮಧ್ಯಾಹ್ನ ಮೂರು ಗಂಟೆ. ಸ್ನಾನ ಮಾಡೋರು ಯಾರೂ ಇಲ್ಲ. ಕೇಳಿದ್ದಕ್ಕೆ, "ಅದು ತನ್ನಷ್ಟಕ್ಕೇ ಆಫ್ ಆಗ್ತದಲ್ಲ" ಅಂದರು.

ಅಜ್ಜಿ ಸುಳ್ಳು ಹೇಳಲಿಲ್ಲ. ಅವರ ಮನೆಯಲ್ಲಿ ನಿಜವಾಗಿಯೂ ಲೈಟು ಆರಿಸ್ತಾರೆ, ನಡುಮನೆಯಲ್ಲಿ ಕತ್ತಲೆ ಇತ್ತು. ನನ್ನ 32 ಪ್ರಶ್ನೆಗಳಲ್ಲಿ 14 ಲೈಟು-ಫ್ಯಾನಿನ ಬಗ್ಗೆ, ಬಿಸಿನೀರಿನ ಬಗ್ಗೆ ಒಂದೇ ಒಂದು. ಬಸ್ಸಿನಲ್ಲಿ ವಾಪಸ್ ಬರ್ತಾ ಫಾರಂ ಓದಿ ನನಗೇ ನಾಚಿಕೆಯಾಯ್ತು. ಬಯಲುಸೀಮೆಯ ಯಾವುದೋ ಫಾರಂನ ತಂದು ನಮ್ಮೂರಿಗೆ ಅಂಟಿಸಿದ್ದೆ.

ಇಲ್ಲಿ ವೈರಿಂಗ್ ಮಾಡೋರು, ತೋಟದವರು, ಹೋಂಸ್ಟೇಯವರು ಎಲ್ಲ ಇದ್ದೀರಿ. ಏನನ್ನ ಅಳೀಬೇಕು, ಹೇಗೆ ಅಳೀಬೇಕು ಹೇಳಿ. ಆಮೇಲೆ ಜನರ ಹತ್ತಿರ ಮಾತು ಶುರುಮಾಡೋದು ಹೇಗೆ ಅನ್ನೋದೂ ಬೇಕು. "ಫ್ರೀ ಅಲ್ವಾ ಸಾರ್, ಯಾಕೆ ಉಳಿಸಬೇಕು" ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಪೋಕ್ಲು ಅಜ್ಜ
ಸೋಮವಾರ ರಾತ್ರಿ 9:05

ಮೊದಲು ಕರೆಂಟ್ ಇರಲಿ ಮೇಷ್ಟ್ರೇ, ಆಮೇಲೆ ಉಳಿಸೋಣ. ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ನಮಗೆ ನಾಲ್ಕು ದಿನದ ಉಳಿತಾಯ. ನಿಮ್ಮ ಎನ್‌ಎಸ್‌ಎಸ್ ಬೇಡ, ಒಂದು ಬಳಂಜಿ ಮರ ಸಾಕು.

ಕುಶಾಲನಗರ ವೈರ್‌ಮನ್
ಸೋಮವಾರ ರಾತ್ರಿ 10:15

ಅಜ್ಜನ ಮಾತಿಗೆ ನಗು ಬಂತು, ನಿಜಾನೂ ಹೌದು. ಆದರೆ ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಕೊಡ್ತೀನಿ, ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಒಂದು ಬಕೆಟ್ ಅಂದ್ರೆ 20 ಲೀಟರ್ ನೀರು ಅಂತ ಇಟ್ಕೊಳ್ಳಿ. ಮಡಿಕೇರಿ ಕಡೆ ಮಳೆಗಾಲದ ಬೆಳಿಗ್ಗೆ ನಲ್ಲಿ ನೀರು ಎಷ್ಟು ತಣ್ಣಗಿರುತ್ತೆ ಗೊತ್ತಲ್ಲ. ಅದನ್ನ 25 ಡಿಗ್ರಿ ಮೇಲಕ್ಕೆ ಏರಿಸೋಕೆ ಸುಮಾರು 0.58 ಯೂನಿಟ್ ಬೇಕು. ಗೀಸರ್ ಯಾವ ಕಂಪನಿಯದ್ದಾದ್ರೂ ಅಷ್ಟೇ, ಕಾಯಿಸೋ ರಾಡ್ ಆದ್ರೂ ಅಷ್ಟೇ, ನೀರಿಗೆ ಬೇಕಾದ ಶಾಖ ಬದಲಾಗಲ್ಲ. ನಾಲ್ಕು ಜನ ದಿನಾ ಒಂದೊಂದು ಬಕೆಟ್ ಹಾಕ್ಕೊಂಡ್ರೆ ತಿಂಗಳಿಗೆ 70 ಯೂನಿಟ್ ಹತ್ತಿರ. ಶವರ್ ಇದ್ರೆ ಕಥೆ ಬೇರೆ. ನಿಮಿಷಕ್ಕೆ 8 ಲೀಟರ್ ಬಿಡೋ ಶವರ್ ಕೆಳಗೆ ಹತ್ತು ನಿಮಿಷ ನಿಂತ್ರೆ ನಾಲ್ಕು ಬಕೆಟ್ ಆಯ್ತು, ಒಬ್ಬರ ಸ್ನಾನಕ್ಕೆ 2.3 ಯೂನಿಟ್.

ಈಗ ಬಲ್ಬಿಗೆ ಬನ್ನಿ. 9 ವಾಟ್ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದ್ರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಆಗಲ್ಲ. ಒಂದು ಬಕೆಟ್ ಬಿಸಿನೀರಿನ ಕರೆಂಟಲ್ಲಿ ಆ ಬಲ್ಬು 64 ಗಂಟೆ ಉರಿಯುತ್ತೆ. ಅಜ್ಜಿ ಜೀವಮಾನವಿಡೀ ಲೈಟು ಆರಿಸಿ ಉಳಿಸಿದ್ದನ್ನ ಮೊಮ್ಮಗ ಒಂದು ವಾರದಲ್ಲಿ ಶವರ್ ಕೆಳಗೆ ಮುಗಿಸ್ತಾನೆ. (ಸ್ವಲ್ಪ ಉಪ್ಪುಖಾರ ಸೇರಿಸಿದೆ, ಕ್ಷಮಿಸಿ.)

"ತನ್ನಷ್ಟಕ್ಕೇ ಆಫ್ ಆಗ್ತದೆ" ಅನ್ನೋದು ಅರ್ಧ ಸತ್ಯ. ನೀರು ಕಾದಮೇಲೆ ಥರ್ಮೋಸ್ಟಾಟ್ ಕಟ್ ಮಾಡುತ್ತೆ, ನೀರು ಆರ್ತಿದ್ದ ಹಾಗೆ ಮತ್ತೆ ಹಾಕುತ್ತೆ. ಇಡೀ ದಿನ ಹೀಗೇ. ನಮ್ಮ ಚಳಿಗೆ ಬಚ್ಚಲು ತಣ್ಣಗಿದ್ದಷ್ಟೂ ಬೇಗ ಬೇಗ ಹಾಕುತ್ತೆ.

ಅಳೆಯೋಕೆ ಯಾವ ಮೆಷೀನೂ ಬೇಡ. ಮೀಟರ್ ಮೇಲೆ ಒಂದು ಕೆಂಪು ಚುಕ್ಕಿ ಮಿಣುಕ್ತಿರುತ್ತೆ, ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರೆದಿರುತ್ತೆ. ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. 3200ರ ಮೀಟರಲ್ಲಿ ಬರೀ 9 ವಾಟ್ ಬಲ್ಬು ಹಾಕಿದ್ರೆ ಒಂದು ಮಿಣುಕಿಗೆ ಎರಡು ನಿಮಿಷ ಕಾಯ್ಬೇಕು. 2000 ವಾಟ್ ಗೀಸರ್ ಹಾಕಿ ನೋಡಿ, ಸೆಕೆಂಡಿಗೆ ಎರಡು ಸಲ ಹೊಡ್ಕೊಳ್ಳುತ್ತೆ. ಫಾರಂ ಬಿಟ್ಟು ಜನರನ್ನ ಮೀಟರ್ ಮುಂದೆ ನಿಲ್ಸಿ ಮೇಷ್ಟ್ರೇ.

ಇನ್ನೊಂದು, ಇದು ಉಳಿತಾಯದ ಮಾತಲ್ಲ. ಕರೆಂಟ್ ಉಳಿಸ್ತೀನಿ ಅಂತ ಗ್ಯಾಸ್ ಗೀಸರನ್ನ ಬಚ್ಚಲ ಒಳಗೆ ಹಾಕಿಸ್ಬೇಡಿ. ಚಳಿಗೆ ಕಿಟಕಿ ಮುಚ್ಚಿರ್ತೀರಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ, ಕೂತಲ್ಲೇ ಜೀವ ಹೋಗುತ್ತೆ. ಹಾಕೋದಾದ್ರೆ ಹೊರಗಡೆ ಗೋಡೆಗೆ.

ಶನಿವಾರಸಂತೆ ಸಂತೆ
ಸೋಮವಾರ ರಾತ್ರಿ 10:50

ಫ್ರೀ ವಿಷಯಕ್ಕೆ ಬರ್ತೀನಿ. ಗೃಹಜ್ಯೋತಿ, ಅಂದ್ರೆ ರಾಜ್ಯ ಸರ್ಕಾರದ ಫ್ರೀ ಕರೆಂಟ್ ಯೋಜನೆ, 2023ರ ಜುಲೈ ಬಳಕೆಯಿಂದ ಶುರುವಾಯ್ತು. 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ಬಹಳ ಜನ ಇವತ್ತಿಗೂ ಅಂದುಕೊಂಡಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿ ಅಷ್ಟು ಫ್ರೀ. ಅದರ ಮೇಲಿನದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲು.

ಅಂದ್ರೆ ಏನಾಯ್ತು? ನಮ್ಮಮ್ಮ ಮೊದಲಿಂದಲೂ ಹಿಡಿತದಲ್ಲಿ ಬಳಸೋರು, ಸರಾಸರಿ 60, ಈಗ ಫ್ರೀ 66. ಪಕ್ಕದ ಮನೆಯವರು 150 ಉರಿಸ್ತಿದ್ರು, ಅವರಿಗೆ 165. ಉಳಿಸಿದವರಿಗೆ ಸಣ್ಣ ತಟ್ಟೆ, ಸುರಿದವರಿಗೆ ದೊಡ್ಡ ತಟ್ಟೆ. 48ಕ್ಕಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಅಂತ 2024ರ ಜನವರಿಯಲ್ಲಿ ಬದಲಾಯಿಸಿದ್ರು, ಅದು ಒಳ್ಳೇದೇ. ನಮ್ಮಮ್ಮನಿಗೆ ಅದೂ ಇಲ್ಲ. ಉಳಿಸಿ ಅಂತ ಅವರ ಹತ್ತಿರ ಹೋಗಿ ಹೇಳಿ ನೋಡೋಣ, ದೋಸೆ ಸೌಟು ತಗೊಳ್ತಾರೆ.

ಆದರೆ 200ರ ಗೆರೆ ಹತ್ತಿರ ಇರೋರು ಬಹಳ ಲೆಕ್ಕ ಹಾಕ್ತಾರೆ. ನಮ್ಮ ಚಿಕ್ಕಪ್ಪ 190 ಆಸುಪಾಸು. ತಿಂಗಳ ಕೊನೇ ವಾರ ಅವರ ಮನೆಯಲ್ಲಿ ಮಿಕ್ಸಿಗೂ ಪರ್ಮಿಷನ್ ಬೇಕು.

ಬೆಂಗಳೂರಲ್ಲಿರೋ ಪೊನ್ನಂಪೇಟೆಯವಳು
ಮಂಗಳವಾರ ಬೆಳಿಗ್ಗೆ 7:30

ಸರ್, ನನ್ನ ಓದು ಸ್ವಲ್ಪ ಈ ಕಡೆಯದೇ, ಅದಕ್ಕೆ ಉದ್ದ ಬರೀತಿದೀನಿ.

ಜನಕ್ಕೆ ಯಾವುದು ಎಷ್ಟು ಕರೆಂಟ್ ತಿನ್ನುತ್ತೆ ಅನ್ನೋ ಅಂದಾಜು ತಪ್ಪಿರೋದು ನಮ್ಮೂರಲ್ಲಿ ಮಾತ್ರ ಅಲ್ಲ. 2010ರಲ್ಲಿ ಶಹ್ಜೀನ್ ಅತ್ತಾರಿ ಮತ್ತು ಜೊತೆಗಾರರು ಅಮೆರಿಕದಲ್ಲಿ 505 ಜನರನ್ನ ಕೇಳಿದ್ರು. ಉಳಿಸೋಕೆ ಏನು ಮಾಡ್ತೀರಿ ಅಂದ್ರೆ ಅಲ್ಲೂ ಹೆಚ್ಚು ಬಂದ ಉತ್ತರ ಲೈಟು ಆರಿಸೋದು. ದೊಡ್ಡ ಉಪಕರಣಗಳ ಬಳಕೆಯನ್ನ ಬಹಳ ಕಡಿಮೆ ಅಂತ ಅಂದಾಜಿಸಿದ್ರು. ಬಲ್ಬು ಕಣ್ಣಿಗೆ ಕಾಣುತ್ತೆ, ಶಾಖ ಕಾಣಲ್ಲ. ನಿಮ್ಮ ಅಜ್ಜಿ ಒಬ್ಬರೇ ಅಲ್ಲ.

ಎರಡನೇದು, ಸಮೀಕ್ಷೆ ಮಾಡ್ತಿದ್ದೀವಿ ಅಂತ ಹೇಳಿದ ಕೂಡಲೇ ಜನ ಬದಲಾಗ್ತಾರೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನೆಗಳಿಗೆ ಬರೀ ಪೋಸ್ಟ್‌ಕಾರ್ಡ್ ಕಳಿಸಿದ್ರು: ನಿಮ್ಮ ಮನೆಯ ವಿದ್ಯುತ್ ಬಳಕೆ ನಮ್ಮ ಅಧ್ಯಯನದಲ್ಲಿ ಸೇರಿದೆ, ನೀವೇನೂ ಮಾಡಬೇಕಿಲ್ಲ, ಅಷ್ಟೇ. ಬಳಕೆ ಶೇ. 2.7 ಇಳೀತು. ಕಾರ್ಡ್ ನಿಂತಮೇಲೆ ಮತ್ತೆ ಮೊದಲಿನ ಹಾಗೆ. ನಿಮ್ಮ ಮಕ್ಕಳು ವಾರ ವಾರ ಮನೆಗೆ ಹೋದ್ರೆ ಆ ತಿಂಗಳು ಇಳಿಯೋದು ನಿಮ್ಮ ಬುದ್ಧಿಮಾತಿಂದಲೋ, ಮನೆಗೆ ಜನ ಬರ್ತಾರೆ ಅನ್ನೋ ಸಂಕೋಚದಿಂದಲೋ ಗೊತ್ತಾಗಲ್ಲ. ಅದಕ್ಕೆ ಹಳೇ ಬಿಲ್ಲು ಕೇಳಿ, ಒಂದು ವರ್ಷದ್ದು. ಜುಲೈನ ಜುಲೈಗೇ ಹೋಲಿಸಿ, ಮೇ ತಿಂಗಳಿಗಲ್ಲ. ಮನೆಗಳನ್ನ ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಗಲೇ ಹೇಳಿ, ಇನ್ನೊಂದಕ್ಕೆ ಮೂರು ತಿಂಗಳು ಬಿಟ್ಟು. ಕುಶಾಲನಗರದ ಮನೆಗಳನ್ನೂ ಭಾಗಮಂಡಲದ ಮನೆಗಳನ್ನೂ ಒಂದೇ ಚೀಲಕ್ಕೆ ಹಾಕ್ಬೇಡಿ. ಒಂದು ಕಡೆ ಫ್ಯಾನು, ಇನ್ನೊಂದು ಕಡೆ ಅಗ್ಗಿಷ್ಟಿಕೆ.

ಇನ್ನು ಜನರನ್ನ ಬದಲಾಯಿಸೋದು. ಪಕ್ಕದವರ ಜೊತೆ ಹೋಲಿಸಿ ತೋರಿಸೋದು ಅಂತ ಒಂದು ದಾರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 2007ರ ಒಂದು ಅಧ್ಯಯನದಲ್ಲಿ ಬಾಗಿಲಿಗೆ ಚೀಟಿ ಸಿಕ್ಕಿಸಿದ್ರು: ನಿಮ್ಮ ಬಳಕೆ ಇಷ್ಟು, ನಿಮ್ಮ ಬೀದಿಯ ಸರಾಸರಿ ಇಷ್ಟು. ಜಾಸ್ತಿ ಉರಿಸ್ತಿದ್ದವರು ಇಳಿಸಿದ್ರು. ಕಡಿಮೆ ಉರಿಸ್ತಿದ್ದವರು, ಓಹೋ ನಾವೇ ಕಂಜೂಸ್ ಅಂತ ಏರಿಸಿಬಿಟ್ರು! ಅವರ ಚೀಟಿಗೆ ಒಂದು ನಗುಮುಖ ಬರೆದು ಕೊಟ್ಟಮೇಲೆ ಏರೋದು ನಿಂತಿತು. ಮುಂದೆ ಅಮೆರಿಕದಲ್ಲಿ ಇದನ್ನೇ ಬಿಲ್ಲಿನ ಜೊತೆ ಸುಮಾರು ಆರು ಲಕ್ಷ ಮನೆಗಳ ಮೇಲೆ ನೋಡಿದಾಗ ಇಳಿದದ್ದು ಸರಾಸರಿ ಶೇ. 2. ದೊಡ್ಡದೇನಲ್ಲ.

ನಮ್ಮ ದೇಶದ್ದು ಬೇಕು ಅಂದ್ರೆ ಅನಂತ್ ಸುದರ್ಶನ್ ದೆಹಲಿ ಹತ್ತಿರದ ಅಪಾರ್ಟ್‌ಮೆಂಟ್‌ಗಳಲ್ಲಿ ಮಾಡಿದ್ದು, 2017ರಲ್ಲಿ ಪ್ರಕಟವಾಯ್ತು. ವಾರಕ್ಕೊಮ್ಮೆ ಹೋಲಿಕೆಯ ಚೀಟಿ ಕೊಟ್ಟಾಗ ಬೇಸಿಗೆ ಬಳಕೆ ಶೇ. 7 ಇಳೀತು. ಅದಕ್ಕೆ ಹಣದ ಬಹುಮಾನವನ್ನೂ ಸೇರಿಸಿದಾಗ ಆ ಪರಿಣಾಮವೇ ಹೊರಟುಹೋಯ್ತು. ದುಡ್ಡಿನ ಮಾತು ಬಂದ ಕೂಡಲೇ ಜನ ಮರ್ಯಾದೆಯ ಲೆಕ್ಕ ಬಿಟ್ಟು ರೂಪಾಯಿ ಲೆಕ್ಕ ಹಾಕ್ತಾರೆ ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ. ಹಾಗಾಗಿ ಫ್ರೀ ಅನ್ನೋ ಉತ್ತರಕ್ಕೆ ನೀವು ರೂಪಾಯಿಯಲ್ಲಿ ಜವಾಬು ಕೊಡೋಕೆ ಹೋಗ್ಬೇಡಿ ಸರ್.

ಮಾದಾಪುರದ ಮಳೆ
ಮಂಗಳವಾರ ಮಧ್ಯಾಹ್ನ 2:10

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಒಂದು ಕೇಳ್ತೀನಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಫಾರಂನ ಮೊದಲನೇ ಸಾಲು "ಮನೆ ಯಜಮಾನರ ಹೆಸರು" ಅಂತ ಇರುತ್ತಲ್ವಾ? ನಮ್ಮ ಮನೆಗೆ ಬಂದ್ರೆ ನಮ್ಮ ಯಜಮಾನರು ಜಗಲಿಯಲ್ಲಿ ಕೂತು ಉತ್ತರ ಕೊಡ್ತಾರೆ. ಗೀಸರ್ ಕೊಂಡಿದ್ದು ಅವರೇ. ಆದರೆ ಅದು ಎಷ್ಟು ಹೊತ್ತಿಗೆ ಹಾಕೋದು, ಎಷ್ಟು ಹೊತ್ತಿಗೆ ಆರಿಸೋದು ಅಂತ ಅವರಿಗೆ ಗೊತ್ತಿಲ್ಲ.

ನನ್ನ ಜುಲೈ ತಿಂಗಳ ಬೆಳಿಗ್ಗೆ ಹೀಗಿರುತ್ತೆ. ಐದೂವರೆಗೆ ಎದ್ದು ಗೀಸರ್ ಹಾಕ್ತೀನಿ. ಇಬ್ಬರು ಮಕ್ಕಳ ಸ್ಕೂಲ್ ಸಾಕ್ಸ್ ಮೂರು ದಿನದಿಂದ ಒಣಗಿಲ್ಲ. ಇಸ್ತ್ರಿಪೆಟ್ಟಿಗೆ ತಗೊಂಡು ಸಾಕ್ಸ್ ಮೇಲೆ ಒತ್ತುತ್ತೀನಿ, ಹಬೆ ಏಳುತ್ತೆ, ಹಿಮ್ಮಡಿ ಹತ್ತಿರ ದಪ್ಪ ಇರೋ ಕಡೆ ಎಷ್ಟು ಒತ್ತಿದ್ರೂ ಹಸಿ. ಒಂದು ಜೊತೆಗೆ ಹತ್ತು ನಿಮಿಷ. ಇನ್ನೊಂದು ಜೊತೆ ಫ್ರಿಜ್ ಹಿಂದೆ ನೇತುಹಾಕಿರ್ತೀನಿ, ಅಲ್ಲಿ ಬಿಸಿ ಬರುತ್ತಲ್ಲ. ನಮ್ಮತ್ತೆ ಕಾಲದಲ್ಲಿ ಬಚ್ಚಲೊಲೆ ಮೇಲೆ ಅಟ್ಟ ಇತ್ತು, ಬಟ್ಟೆಯೆಲ್ಲ ಅಲ್ಲೇ ಒಣಗ್ತಿತ್ತು, ಸ್ವಲ್ಪ ಹೊಗೆ ವಾಸನೆ ಬರ್ತಿತ್ತು ಅಷ್ಟೇ. ಮನೆ ರಿಪೇರಿ ಮಾಡಿದಾಗ ಟೈಲ್ಸ್ ಕಪ್ಪಾಗುತ್ತೆ ಅಂತ ಒಲೆ ತೆಗೆಸಿದ್ವಿ.

ವಾಪಸ್ ಒಲೆ ಹಾಕಿಸಿ, ಕರೆಂಟ್ ಉಳಿಯುತ್ತೆ ಅಂತ ಯಾರಾದ್ರೂ ಬರೆಯೋಕೆ ಮುಂಚೆ ಹೇಳ್ತೀನಿ: ಸೌದೆ ಒಡೆಯೋದು, ಮಳೆಯಲ್ಲಿ ಹಸಿ ಸೌದೆ ಊದಿ ಕಣ್ಣು ಕೆಂಪು ಮಾಡ್ಕೊಳ್ಳೋದು ಯಾರು ಅಂತಲೂ ಬರೀರಿ. ಯೂನಿಟ್ ಇಳಿದಿದೆ ಅಂತ ನಿಮ್ಮ ಸಮೀಕ್ಷೆ ಖುಷಿಪಡುತ್ತೆ. ಆ ಯೂನಿಟ್ ನನ್ನ ಬೆನ್ನ ಮೇಲೆ ಬಂದಿರುತ್ತೆ.

ನನಗೆ ಉಪಯೋಗ ಆಗೋ ಮಾತು ಬೇಕಿದ್ರೆ ಸಾಕ್ಸ್ ಒಣಗಿಸೋದು ಹೇಗೆ ಅಂತ ಹೇಳಿ.

ಕುಶಾಲನಗರ ವೈರ್‌ಮನ್
ಮಂಗಳವಾರ ಸಂಜೆ 6:45

ಅಕ್ಕ, ಫ್ರಿಜ್ ಹಿಂದೆ ಬಟ್ಟೆ ಹಾಕ್ಬೇಡಿ. ಆ ಬಿಸಿ ಹೊರಗೆ ಹೋಗ್ಬೇಕು, ತಡೆದ್ರೆ ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತೆ. ಸಾಕ್ಸ್‌ನ ಒಣ ಟವಲಿನೊಳಗೆ ಸುತ್ತಿ ಜೋರಾಗಿ ಹಿಂಡಿ, ರಾತ್ರಿ ಫ್ಯಾನ್ ಕೆಳಗೆ ಹಾಕಿ. 75 ವಾಟ್ ಫ್ಯಾನ್ ಎಂಟು ಗಂಟೆ ಓಡಿದ್ರೂ 0.6 ಯೂನಿಟ್, ಇಡೀ ಮನೆ ಬಟ್ಟೆ ಒಣಗುತ್ತೆ. ಇಸ್ತ್ರಿಪೆಟ್ಟಿಗೆ 1000 ವಾಟ್. ಅದಕ್ಕಿಂತ ಮುಖ್ಯ, ಹಸಿ ಕೈ ಹಸಿ ಬಟ್ಟೆ ಇಸ್ತ್ರಿಪೆಟ್ಟಿಗೆ, ನನಗೆ ಓದಿ ಭಯವಾಯ್ತು.

ಫ್ರಿಜ್ ಅಂದಮೇಲೆ ಇನ್ನೊಂದು: ಮಳೆಗಾಲದಲ್ಲಿ ಬಾಗಿಲ ರಬ್ಬರಿಗೆ ಬೂಷ್ಟು ಹಿಡಿದು ಬಿಗಿ ಹೋಗಿರುತ್ತೆ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ, ಸಲೀಸಾಗಿ ಎಳೆದ್ರೆ ಬಂತು ಅಂದ್ರೆ ರಬ್ಬರ್ ಹೋಗಿದೆ.

ಅಮ್ಮತ್ತಿ ತೋಟ
ಮಂಗಳವಾರ ರಾತ್ರಿ 9:20

ಹೊರಗಿನ ಲೈಟು ಆರಿಸಿ ಅಂತ ಮಾತ್ರ ನಮ್ಮ ಕಡೆ ಬಂದು ಹೇಳ್ಬೇಡಿ. ರಾತ್ರಿ ಆನೆ ಅಂಗಳದ ಹಲಸಿನ ಮರಕ್ಕೆ ಬರ್ತದೆ. ಬಾಗಿಲು ತೆಗೆಯೋ ಮುಂಚೆ ಅಂಗಳ ಕಾಣಬೇಕು. ಬೆಳಗ್ಗೆ ಕೆಲಸಕ್ಕೆ ಬರೋರಿಗೂ ದಾರಿ ಕಾಣಬೇಕು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಎಲ್ಲಾ ಕಡೆ ಹೀಗೇ. ಬಲ್ಬು ಬದಲಾಯಿಸಿ ಅಂತ ಹೇಳಿ, ಕೇಳ್ತೀವಿ. ನಾನು ಎರಡು ವರ್ಷದ ಹಿಂದಿನ ತನಕ ಕಣದಲ್ಲಿ 60 ವಾಟಿನ ಹಳೇ ಬಲ್ಬು ಉರಿಸ್ತಿದ್ದೆ. ರಾತ್ರಿ 12 ಗಂಟೆ ಉರಿದ್ರೆ ತಿಂಗಳಿಗೆ 21 ಯೂನಿಟ್ ಮೇಲೆ. ಈಗ 9 ವಾಟ್, ಮೂರು ಚಿಲ್ಲರೆ. ಬೆಳಕು ಜಾಸ್ತಿನೇ ಇದೆ.

ಇನ್ನೊಂದು ಹೇಳದೆ ಇರೋಕಾಗಲ್ಲ. ಮೈಸೂರಿಂದ ಕೋಝಿಕ್ಕೋಡ್‌ಗೆ 400 ಕೆವಿ ಲೈನ್ ಎಳೆಯೋಕೆ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿಸಿದ್ರು, ಎಷ್ಟು ಹೋರಾಟ ಮಾಡಿದ್ರೂ ನಿಲ್ಲಲಿಲ್ಲ. ಆ ಟವರ್ ಕೆಳಗೆ ನಿಂತ್ರೆ ತಲೆ ಮೇಲೆ ಗುಂಯ್ ಅಂತ ಶಬ್ದ, ಪಕ್ಕದ ಮನೆಯಲ್ಲಿ ವೋಲ್ಟೇಜ್ ಇಲ್ಲದೆ ಪಂಪ್ ಏಳ್ತಿಲ್ಲ. ಅಲ್ಲಿಗೆ ಹೋಗಿ ನೀವು ವಿದ್ಯುತ್ ಉಳಿಸಿ ಅಂದ್ರೆ ಮೊದಲು ಈ ಬೈಗುಳ ಕೇಳ್ಬೇಕಾಗ್ತದೆ. ಕೇಳಿಸ್ಕೊಳ್ಳಿ. ಆಮೇಲೆ ನಿಮ್ಮ ಮಾತು ಶುರುಮಾಡಿ.

ಸಮೀಕ್ಷೆ ಮೇಷ್ಟ್ರು
ಮಂಗಳವಾರ ರಾತ್ರಿ 10:30

ಮಾದಾಪುರದ ಅಕ್ಕ, ಬೇಜಾರೇನಿಲ್ಲ. ಫಾರಂ ತೆಗೆದು ನೋಡಿದೆ, ಮೊದಲ ಸಾಲು ನೀವು ಹೇಳಿದ್ದೇ. ಅಳಿಸಿದೆ. "ಬೆಳಿಗ್ಗೆ ಮನೆಯಲ್ಲಿ ಮೊದಲು ಏಳೋದು ಯಾರು?" ಅಂತ ಬರೆದೆ. ಅವರ ಹತ್ತಿರವೇ ಮಾತಾಡ್ತೀವಿ. ಸೌದೆ ಎಷ್ಟು, ಯಾರು ತರ್ತಾರೆ ಅನ್ನೋದೂ ಸೇರಿಸಿದೆ. 32 ಪ್ರಶ್ನೆ ಈಗ 9ಕ್ಕೆ ಬಂದಿದೆ.

ಅಮ್ಮತ್ತಿಯವರೇ, ಬೈಗುಳಕ್ಕೆ ಒಂದು ಖಾಲಿ ಪುಟ ಬಿಡ್ತೀನಿ. ತಮಾಷೆಗಲ್ಲ.

ಲೈನ್ ಮನೆ ಹುಡುಗ
ಬುಧವಾರ ರಾತ್ರಿ 8:15

ಸಾರ್, ನಾನು ತೋಟದ ಲೈನ್ ಮನೆಯಲ್ಲಿ, ಅಂದ್ರೆ ಕೂಲಿಯವರ ಸಾಲುಮನೆಯಲ್ಲಿ ಬೆಳೆದವನು, ಈಗ ಪಿಯುಸಿ ಮುಗ್ಸಿ ಮೈಸೂರಲ್ಲಿ ಕೆಲಸದಲ್ಲಿದೀನಿ. ನಮ್ಮ ಸಾಲಿನಲ್ಲಿ ಆರು ಮನೆ, ಮೀಟರ್ ಒಂದೇ, ಅದೂ ಧಣಿಯವರ ಹೆಸರಲ್ಲಿ. ನಮ್ಮ ಹೆಸರಲ್ಲಿ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಇಲ್ಲ, ಹಂಗಾಗಿ ಗೃಹಜ್ಯೋತಿನೂ ಇಲ್ಲ. ನೀವು ಬಿಲ್ಲು ಕೇಳ್ಕೊಂಡು ಬಂದ್ರೆ ನಮ್ಮ ಹತ್ರ ತೋರ್ಸೋಕೆ ಕಾಗದವೇ ಇಲ್ಲ, ನಾವು ನಿಮ್ಮ ಲೆಕ್ಕದಲ್ಲೇ ಬರಲ್ಲ.

ನಮ್ಮಮ್ಮ ಈಗಲೂ ಅಲ್ಲೇ. ಎರಡು ಬಲ್ಬು, ಒಂದು ಟಿವಿ, ಮಿಕ್ಸಿ. ಸ್ನಾನಕ್ಕೆ ಹೊರಗಡೆ ಮೂರು ಕಲ್ಲಿನ ಒಲೆ, ಸೌದೆ ತೋಟದ್ದೇ, ಕಾಫಿ ಗಿಡ ಸವರಿದ ಕಡ್ಡಿ. ಯಾರಾದ್ರೂ ಒಬ್ರು ಹೀಟರ್ ಕಾಯಿಲ್ ಹಾಕಿದ್ರೆ ಆರೂ ಮನೆ ಲೈಟು ಮಂಕಾಗುತ್ತೆ, ಜಗಳ ಶುರು. ತೋಟದ ಲೆಕ್ಕ ಬರೆಯೋ ರೈಟರ್ ಬಂದು ಫ್ಯೂಸ್ ಕಿತ್ಕೊಂಡು ಹೋಗ್ತಿದ್ರು. ಉಳಿಸೋದು ನಮಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಉರಿಸೋದು ಹೇಗಿರುತ್ತೆ ಅಂತ ಸ್ವಲ್ಪ ನೋಡ್ಬೇಕು ಅಂತ ಅಮ್ಮನಿಗೆ ಆಸೆ. ಹೋದ ತಿಂಗಳು ರೂಮಿಗೆ ಬಂದಾಗ ಗೀಸರ್ ನೀರು ಮುಟ್ಟಿ ನೋಡಿ ಎರಡು ಸಲ ಸ್ನಾನ ಮಾಡಿದ್ರು.

ಹೋಂಸ್ಟೇ ಅಕ್ಕ, ಮಕ್ಕಂದೂರು
ಬುಧವಾರ ರಾತ್ರಿ 9:40

ಮೇಲಿನ ಹುಡುಗನ ಮಾತು ಓದಿ ಏನು ಬರೀಬೇಕು ಅಂತಲೇ ಮರೆತುಹೋಯ್ತು. ನಿಮ್ಮಮ್ಮ ಇನ್ನೂ ನಾಲ್ಕು ಸಲ ಮಾಡ್ಲಿ ಮಗ.

ನಮ್ಮದು ನಾಲ್ಕು ರೂಮು. ಶನಿವಾರ ಬಂದವರು ಭಾನುವಾರ ಹೋಗೋ ತನಕ ಗೀಸರ್ ಆಫೇ ಇಲ್ಲ. ಮೊದಲು "ದಯವಿಟ್ಟು ವಿದ್ಯುತ್ ಉಳಿಸಿ, ಪರಿಸರ ಕಾಪಾಡಿ" ಅಂತ ಬೋರ್ಡ್ ಹಾಕಿದ್ದೆ. ಯಾರೂ ಕ್ಯಾರೇ ಅನ್ನಲಿಲ್ಲ. ಒಬ್ಬರು ಅದರ ಮೇಲೆ ಟವಲ್ ಒಣಗಿಸಿದ್ರು.

ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದೋಳು, ಅವಳು ಹೇಳಿದ್ದು: 2008ರಲ್ಲಿ ಪ್ರಕಟವಾದ ಒಂದು ಅಮೆರಿಕದ ಹೋಟೆಲ್ ಪ್ರಯೋಗದಲ್ಲಿ ಟವಲ್ ಮತ್ತೆ ಬಳಸಿ, ಪರಿಸರ ಉಳಿಸಿ ಅಂದಾಗ ಶೇ. 35ರಷ್ಟು ಜನ ಕೇಳಿದ್ರಂತೆ, "ಇಲ್ಲಿ ಉಳಿದುಕೊಂಡ ಬಹಳ ಜನ ಹೀಗೆ ಮಾಡ್ತಾರೆ" ಅಂದಾಗ 44. ಹಾಗಾಗಿ ಬೋರ್ಡ್ ಬದಲಾಯಿಸಿದ್ವಿ. ಆದರೆ ನಿಜಕ್ಕೂ ಕೆಲಸ ಮಾಡಿದ್ದು ಬೋರ್ಡ್ ಅಲ್ಲ ಅಂತ ನನ್ನ ಅನಿಸಿಕೆ. ಗೀಸರ್ ಸ್ವಿಚ್ಚು ಬಚ್ಚಲ ಒಳಗೆ ಬಾಗಿಲ ಹಿಂದೆ ಇತ್ತು. ಅದನ್ನ ರೂಮಿನ ಬಾಗಿಲ ಪಕ್ಕ, ಬೀಗದ ಕೈ ನೇತುಹಾಕೋ ಕಡೆ ತಂದ್ವಿ. ಹೊರಗೆ ಹೋಗುವಾಗ ಕೆಂಪು ದೀಪ ಕಣ್ಣಿಗೆ ಬೀಳುತ್ತೆ, ಜನ ತಾವಾಗೇ ಆರಿಸ್ತಾರೆ. ವೈರ್‌ಮನ್‌ಗೆ ಅರ್ಧ ದಿನದ ಕೂಲಿ ಅಷ್ಟೇ ಖರ್ಚು.

ನಾಪೋಕ್ಲು ಅಜ್ಜ
ಗುರುವಾರ ಬೆಳಿಗ್ಗೆ 6:20

ಮೊನ್ನೆ ತಮಾಷೆ ಮಾಡಿದೆ. ಈಗ ಒಂದು ಹಳೇ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅಂತ ಇದ್ದರು, 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನೋ ಕೇಂದ್ರ ಶುರುಮಾಡಿದವರು. ಅಸ್ತ್ರ ಒಲೆ ಹೆಸರು ಕೇಳಿರ್ತೀರಿ. ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ, ಊರಿಗೆ ಶಕ್ತಿ ಎಲ್ಲಿಂದ ಬರ್ತದೆ, ಎಲ್ಲಿ ಹೋಗ್ತದೆ ಅಂತ ಲೆಕ್ಕ ಹಾಕಿತು. ಅವರಿಗೆ ಸಿಕ್ಕಿದ್ದು ವಿದ್ಯುತ್ತಲ್ಲ, ಸೌದೆ. ಆ ಸೌದೆ ಹೊತ್ತವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಮಾದಾಪುರದ ಮಗಳು ಬರೆದದ್ದು ಓದಿ ಅದು ನೆನಪಾಯ್ತು.

ಆಮೇಲೆ ಅದೇ ಊರಲ್ಲಿ ಎಲ್ಲರ ಹಟ್ಟಿಯ ಸಗಣಿ ಒಂದೇ ಗುಂಡಿಗೆ ತಂದು ಗೋಬರ್ ಗ್ಯಾಸ್ ಮಾಡಿ, ಇಂಜಿನ್ ಓಡಿಸಿ, ಮನೆಗಳಿಗೆ ದೀಪ, ಬೋರ್‌ವೆಲ್ ನೀರು ಕೊಟ್ಟರು. ಸಗಣಿ ತಂದವರಿಗೆ ಹೊರೆಗೂಲಿ, ಬಗ್ಗಡ ವಾಪಸ್. ಲೆಕ್ಕ ಎಲ್ಲರಿಗೂ ಕಾಣೋ ಹಾಗೆ ಇತ್ತು. ಹೊರಗಿನವರು ಬಂದು ಬುದ್ಧಿ ಹೇಳಿದ್ದಕ್ಕಲ್ಲ, ನಲ್ಲಿಯಲ್ಲಿ ನೀರು ಬಂತು ನೋಡಿ, ಅದಕ್ಕೆ ಜನ ಒಟ್ಟಾಗಿ ನಿಂತರು ಅಂತ ನಾನು ತಿಳಿದಿದ್ದೇನೆ.

ಶನಿವಾರಸಂತೆ ಸಂತೆ
ಗುರುವಾರ ಮಧ್ಯಾಹ್ನ 1:05

ಇಷ್ಟೆಲ್ಲಾ ಯಾಕೆ, ಎಲ್ಲರೂ ಮಾಡಿಗೆ ಸೋಲಾರ್ ಹಾಕ್ಸಿದ್ರೆ ಆಯ್ತಲ್ಲ? ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟ್‌ಗೆ 78,000 ಸಬ್ಸಿಡಿ ಇದೆ.

ಕುಶಾಲನಗರ ವೈರ್‌ಮನ್
ಗುರುವಾರ ಮಧ್ಯಾಹ್ನ 1:40

ನಮ್ಮ ಕುಶಾಲನಗರದಲ್ಲಿ ಹಾಕ್ಸಿ, ಬಿಸಿಲಿದೆ. ತೋಟದ ನಡುವೆ ಮಾಡಿನ ಮೇಲೆ ಸಿಲ್ವರ್ ಓಕ್ ನೆರಳು ಬಿದ್ರೆ ಹಾಕಿಸಿ ಏನು ಪ್ರಯೋಜನ? ಇನ್ನೊಂದು, ಮಾಮೂಲಿ ಆನ್‌ಗ್ರಿಡ್ ಸೋಲಾರ್ (ಕರೆಂಟ್ ಲೈನಿಗೇ ಜೋಡಿಸಿದ್ದು) ಲೈನ್ ಹೋದ ತಕ್ಷಣ ತಾನೂ ನಿಂತುಹೋಗುತ್ತೆ, ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್ ಜೀವಕ್ಕೋಸ್ಕರ. ಬ್ಯಾಟರಿ ಇಲ್ಲದೆ ಹಾಕಿಸ್ಕೊಂಡವರು ಮೊದಲನೇ ಪವರ್ ಕಟ್ ದಿನ ನನಗೆ ಫೋನ್ ಮಾಡಿ ಬೈತಾರೆ.

ಸೋಲಾರ್ ವಾಟರ್ ಹೀಟರ್ ಇರೋರು ಒಂದು ನೋಡಿ. ಟ್ಯಾಂಕಿನೊಳಗೆ ಮಳೆಗಾಲಕ್ಕೆ ಅಂತ ಕರೆಂಟ್ ಕಾಯಿಲ್ ಇರುತ್ತೆ. ಜೂನಲ್ಲಿ ಹಾಕಿದ ಸ್ವಿಚ್ಚನ್ನ ಎಷ್ಟೋ ಮನೆಯಲ್ಲಿ ಜನವರಿಯಲ್ಲೂ ಆರಿಸಿರಲ್ಲ. ಬಿಸಿಲು ಕಾಯಿಸೋ ಮುಂಚೆ ಕಾಯಿಲ್ ಕಾಯಿಸಿರುತ್ತೆ. ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ಕದಿರಿನ ಜೊತೆ ಆ ಸ್ವಿಚ್ಚೂ ನೆನಪು ಮಾಡ್ಕೊಳ್ಳಿ.

ಸಮೀಕ್ಷೆ ಮೇಷ್ಟ್ರು
ಭಾನುವಾರ ರಾತ್ರಿ 9:30

ಇವತ್ತು ಮತ್ತೆ ಹೋಗಿದ್ದೆವು. ಮೂರೇ ಮನೆ, ಸಮಯ ಅಷ್ಟು ಹಿಡೀತು. ಮೊದಲು ಅದೇ ಅಜ್ಜಿ ಮನೆ.

ಫಾರಂ ತೆಗೆಯಲಿಲ್ಲ. ಮೇನ್ ಸ್ವಿಚ್ ಪಕ್ಕ ಮೀಟರ್ ಮುಂದೆ ಕುರ್ಚಿ ಹಾಕಿ ಅಜ್ಜಿಯನ್ನ ಕೂರಿಸಿದೆವು. ಮೀಟರ್ 3200ರದ್ದು. ಎಲ್ಲಾ ಆರಿಸಿ, ಇನ್ವರ್ಟರನ್ನೂ ತೆಗೆದು, ನಡುಮನೆಯ ಒಂದು ಬಲ್ಬು ಮಾತ್ರ ಹಾಕಿದಳು ನಮ್ಮ ಹುಡುಗಿ. ಕೆಂಪು ಚುಕ್ಕಿ ಮಿಣುಕಿತು. ಇನ್ನೊಂದು ಸಲ ಮಿಣುಕಲಿ ಅಂತ ಎಲ್ಲರೂ ಬಾಯಿ ಮುಚ್ಚಿ ಕಾದೆವು. ಹೊರಗೆ ಮಳೆ. ಅಜ್ಜಿ, "ಕೆಟ್ಟುಹೋಯ್ತಾ?" ಅಂತ ಕೇಳೋ ಹೊತ್ತಿಗೆ ಮಿಣುಕಿತು. ಆಮೇಲೆ ಹುಡುಗಿ ಬಚ್ಚಲಿಗೆ ಹೋಗಿ ಗೀಸರ್ ಹಾಕಿದಳು. ಚುಕ್ಕಿ ಪಟಪಟ ಹೊಡ್ಕೊಳ್ಳೋಕೆ ಶುರುವಾಯ್ತು. ಅಜ್ಜಿ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳ್ಕೊಂಡರು. "ಅಯ್ಯೋ, ಇದಕ್ಕೆ ಜ್ವರ ಬಂದ ಹಾಗಿದೆಯಲ್ಲ" ಅಂದರು.

ನಾನು ಏನೂ ಹೇಳಲಿಲ್ಲ. ಅವರೇ ಎದ್ದು ಹೋಗಿ ಗೀಸರ್ ಆರಿಸಿ, ಬಂದು ನೋಡಿ, ಮತ್ತೆ ಹೋಗಿ ಹಾಕಿ, ಬಂದು ನೋಡಿದರು. ಮೊಮ್ಮಗ ಕಾಲೇಜಿಂದ ಬರಲಿ, ಅವನನ್ನ ಇಲ್ಲೇ ನಿಲ್ಲಿಸ್ತೀನಿ ಅಂದರು. ಹೊರಡುವಾಗ ಗೇಟಿನ ತನಕ ಬಂದು ಮೆಲ್ಲಗೆ ಕೇಳಿದ್ದು: "ಆಚೆ ಮನೆಯವರದ್ದು ಎಷ್ಟು ಜೋರಾಗಿ ಹೊಡ್ಕೊಳ್ತದೆ?"

ಪೊನ್ನಂಪೇಟೆಯವರು ಹೇಳಿದ ಹೋಲಿಕೆಯ ಚೀಟಿ ನೆನಪಾಯ್ತು. ಆದರೆ ಕ್ಯಾಲಿಫೋರ್ನಿಯಾದ ಬೀದಿಯಲ್ಲಿ ಸರಾಸರಿ ಅಂದ್ರೆ ಮುಖವಿಲ್ಲದ ಒಂದು ಸಂಖ್ಯೆ. ಇಲ್ಲಿ ಸರಾಸರಿ ಅಂದ್ರೆ ಆಚೆ ಮನೆಯ ಗಡಿಜಗಳದ ಕಾಕ. ನಾನು ಹೇಳಲಿಲ್ಲ. ಹೋಲಿಸೋದಾದ್ರೆ ಅವರ ಮನೆಯನ್ನ ಅವರದ್ದೇ ಹೋದ ವರ್ಷದ ಜುಲೈ ಬಿಲ್ಲಿಗೆ ಹೋಲಿಸೋಣ ಅಂತ ಮಕ್ಕಳು ತೀರ್ಮಾನ ಮಾಡಿದ್ದಾರೆ. ಚೀಟಿ ಎತ್ತೋದು ಮುಂದಿನ ವಾರ. ಲೈನ್ ಮನೆಗಳಿಗೆ ಬೇರೆ ಪಟ್ಟಿ ಮಾಡ್ತಿದ್ದೀವಿ, ಬಿಲ್ಲು ಇಲ್ಲದವರ ಪಟ್ಟಿ. ಅದರಲ್ಲಿ ಉಳಿತಾಯದ ಪ್ರಶ್ನೆ ಇಲ್ಲ. ವೋಲ್ಟೇಜ್ ಹೇಗಿದೆ, ಬಿಸಿನೀರು ಎಲ್ಲಿಂದ ಅಂತ ಮಾತ್ರ.

ಮಾದಾಪುರದ ಮಳೆ
ಭಾನುವಾರ ರಾತ್ರಿ 10:05

ಸಾಕ್ಸ್ ಒಣಗಿತು ಅಣ್ಣ, ಟವಲ್ ಉಪಾಯ ಚೆನ್ನಾಗಿದೆ. ಈಗ ನನಗೂ ಮೀಟರ್ ಹುಚ್ಚು ಹಿಡಿದಿದೆ. ನಮ್ಮದರಲ್ಲಿ 1600 ಅಂತ ಬರೆದಿದೆ. ಎಲ್ಲಾ ಆರಿಸಿ, ಫ್ರಿಜ್ ಪ್ಲಗ್ಗೂ ತೆಗೆದಮೇಲೂ ನಿಮಿಷಕ್ಕೆ ಎರಡು ಸಲ ಮಿಣುಕ್ತಿದೆ. ಇದು ಏನು?

ಕುಶಾಲನಗರ ವೈರ್‌ಮನ್
ಭಾನುವಾರ ರಾತ್ರಿ 10:12

75 ವಾಟ್ ಅಕ್ಕ. ಹೀಗೇ ಇದ್ರೆ ತಿಂಗಳಿಗೆ 54 ಯೂನಿಟ್. ಇನ್ವರ್ಟರ್ ತೆಗೆದ್ರಾ? ಇವತ್ತು ಕರೆಂಟ್ ಹೋಗಿ ಬಂದಿದ್ರೆ ಬ್ಯಾಟರಿ ಚಾರ್ಜ್ ಆಗ್ತಿರುತ್ತೆ. ಟಿವಿ ಸೆಟ್‌ಟಾಪ್ ಬಾಕ್ಸೂ ನೋಡಿ, ರಿಮೋಟಲ್ಲಿ ಆರಿಸಿದ್ರೆ ಆರಲ್ಲ.

ಮಾದಾಪುರದ ಮಳೆ
ಭಾನುವಾರ ರಾತ್ರಿ 10:31

ಎರಡೂ ತೆಗೆದೆ. ಈಗ ನಿಮಿಷಕ್ಕೆ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ.

ಕುಶಾಲನಗರ ವೈರ್‌ಮನ್
ಭಾನುವಾರ ರಾತ್ರಿ 10:34

40 ವಾಟ್ ಆಸುಪಾಸು ಇನ್ನೂ ಎಲ್ಲೋ ಹೋಗ್ತಿದೆ. ಮೇನ್ ಬೋರ್ಡಿಂದ ಹೊರಗಡೆಗೆ ಯಾವುದಾದ್ರೂ ಹಳೇ ವೈರ್ ಇದೆಯಾ? ಪಂಪ್‌ಹೌಸ್, ಹಳೇ ಹಟ್ಟಿ?

ಮಾದಾಪುರದ ಮಳೆ
ಭಾನುವಾರ ರಾತ್ರಿ 10:40

ಹಂದಿಗೂಡು! ಹಂದಿ ಸಾಕೋದು ಬಿಟ್ಟು ಆರು ವರ್ಷ ಆಯ್ತು. ಅಲ್ಲೊಂದು ಬಲ್ಬು ಇತ್ತು, ಉರೀತಿದೆಯೋ ಏನೋ ಯಾರೂ ಆ ಕಡೆ ಹೋಗಿಲ್ಲ, ಕಾಡು ಬೆಳೆದಿದೆ.

ಕುಶಾಲನಗರ ವೈರ್‌ಮನ್
ಭಾನುವಾರ ರಾತ್ರಿ 10:42

ಈಗ ಹೋಗ್ಬೇಡಿ. ಕತ್ತಲೆ, ಮಳೆ, ಹಾವು, ಹಳೇ ವೈರ್ ಬೇರೆ ಲೀಕ್ ಆಗ್ತಿರಬಹುದು. ಬೋರ್ಡಲ್ಲಿ ಆ ಲೈನಿನ ಫ್ಯೂಸ್ ಇದ್ರೆ ಕಿತ್ತಿಡಿ. ಬೆಳಿಗ್ಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ, ಕೈಲಿ ಮುಟ್ಟೋಕೆ ಮುಂಚೆ ನನಗೆ ಒಂದು ಫೋಟೋ ಹಾಕಿ.